ಸಮುದ್ರಮಟ್ಟಕ್ಕಿಂತ ಕೆಳಗಿನ ಊರಿನಿಂದ ಸಂಸತ್ತಿಗೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ದಕ್ಷಿಣ ತುದಿಯಲ್ಲಿ, ಮೆಕ್ಸಿಕೋ ಗಡಿಗೆ ಅಂಟಿಕೊಂಡಂತೆ ಇಂಪೀರಿಯಲ್ ಕಣಿವೆ ಇದೆ. ಅಲ್ಲಿನ ವೆಸ್ಟ್‌ಮೋರ್‌ಲ್ಯಾಂಡ್ ಎಂಬ ಪುಟ್ಟ ಊರು ಸಮುದ್ರಮಟ್ಟಕ್ಕಿಂತ ಸುಮಾರು 48 ಮೀಟರ್ ಕೆಳಗಿದೆ. ಆದರೂ ಅದೇಕೆ ಮುಳುಗಿಲ್ಲ? ಕೊಲೊರಾಡೋ ನದಿ ಯುಗಯುಗಗಳಿಂದ ತಂದು ಸುರಿದ ಹೂಳೇ ದಿಬ್ಬವಾಗಿ ನಿಂತು ಕ್ಯಾಲಿಫೋರ್ನಿಯಾ ಕೊಲ್ಲಿಯ ನೀರನ್ನು ತಡೆದಿದೆ.

ವರ್ಷಕ್ಕೆ ಮೂರು ಅಂಗುಲದಷ್ಟೂ ಮಳೆ ಕಾಣದ ಮರುಭೂಮಿಯಿದು. ಆದರೂ ಕಣ್ಣು ಹಾಯಿಸಿದಷ್ಟು ದೂರ ಕುದುರೆಮೆಂತೆ, ಲೆಟ್ಯೂಸ್ ಸೊಪ್ಪಿನ ಹಸಿರು. ಸುಮಾರು 130 ಕಿ.ಮೀ. ಉದ್ದದ ಆಲ್ ಅಮೆರಿಕನ್ ಕಾಲುವೆಯಲ್ಲಿ ಕೊಲೊರಾಡೋದ ನೀರು ಪಂಪಿನ ಹಂಗಿಲ್ಲದೆ, ಗುರುತ್ವದ ಬಲದಿಂದಲೇ ಇಳಿದು ಬರುತ್ತದೆ. ಹತ್ತಿರದ ಸಾಲ್ಟನ್ ಸರೋವರ ಮನುಷ್ಯನ ಎಡವಟ್ಟಿನ ಫಲ. 1905ರಲ್ಲಿ ಹಳೆಯ ಕಾಲುವೆಯ ಬಾಯಿ ಒಡೆದು, 1907ರವರೆಗೆ ನದಿಯೇ ಈ ತಗ್ಗಿಗೆ ನುಗ್ಗಿತು. ಹೊರಹರಿವಿಲ್ಲದ ಆ ನೀರು ಆವಿಯಾಗುತ್ತಾ ಈಗ ಸಮುದ್ರಕ್ಕಿಂತ ಉಪ್ಪಾಗಿದೆ.

ಈ ಕಣಿವೆಗೆ ಬದುಕು ಅರಸಿ ಬಂದವರು ದಲೀಪ್ ಸಿಂಗ್ ಸೌಂದ್. ಪಂಜಾಬಿನ ಅಮೃತಸರ ಬಳಿಯ ಛಜ್ಜಲ್‌ವಾಡಿ ಅವರ ಹುಟ್ಟೂರು. ಓದು ಬರಹ ಬಾರದ ಅವರ ಮನೆಯ ಹಿರಿಯರು ಮಕ್ಕಳಿಗಾಗಿ ಊರಿನಲ್ಲಿ ಶಾಲೆಯನ್ನೇ ತೆರೆದರಂತೆ. 1920ರಲ್ಲಿ ಅಮೆರಿಕಕ್ಕೆ ಹೋದ ಸೌಂದ್, 1924ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಆದರೆ ಭಾರತೀಯರು ಅಮೆರಿಕದ ಪೌರರಾಗಲು ಅರ್ಹರಲ್ಲವೆಂದು 1923ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತ್ತು. ಪೌರತ್ವವಿಲ್ಲದವರಿಗೆ ಕ್ಯಾಲಿಫೋರ್ನಿಯಾದಲ್ಲಿ ಸ್ವಂತ ಜಮೀನೂ ಇಲ್ಲ. ಗಣಿತದ ಡಾಕ್ಟರು ಹೊಲಕ್ಕಿಳಿದರು. ಬೆಳೆಗೆ ಬೆಲೆ ಬಿದ್ದು ಸಾಲದಲ್ಲಿ ಮುಳುಗಿದರೂ ದಿವಾಳಿ ಅರ್ಜಿ ಹಾಕಲಿಲ್ಲ.

ಸುಮ್ಮನೆ ಕೂರುವ ಜಾಯಮಾನ ಅವರದ್ದಲ್ಲ. ಇತರರೊಡನೆ ಸಂಘ ಕಟ್ಟಿ, ಕಾನೂನು ಬದಲಾವಣೆಗೆ ದುಡಿದರು. 1946ರಲ್ಲಿ ಕಾನೂನು ಬದಲಾಯಿತು. 1949ರಲ್ಲಿ ಸೌಂದ್ ಅಮೆರಿಕದ ಪೌರರಾದರು. ಮರುವರ್ಷವೇ ವೆಸ್ಟ್‌ಮೋರ್‌ಲ್ಯಾಂಡ್‌ನ ನ್ಯಾಯಾಧೀಶ ಹುದ್ದೆಗೆ ಸ್ಪರ್ಧಿಸಿ ಗೆದ್ದರು. ಪೌರತ್ವ ಸಿಕ್ಕಿ ವರ್ಷ ತುಂಬಿರಲಿಲ್ಲವೆಂದು ಆ ಗೆಲುವು ರದ್ದಾಯಿತು. 1952ರಲ್ಲಿ ಮತ್ತೆ ನಿಂತು ಗೆದ್ದರು.

1956ರ ಸಂಸತ್ ಚುನಾವಣೆಯಲ್ಲಿ ಅವರ ಎದುರಾಳಿ ಸಾಮಾನ್ಯರಲ್ಲ. ಶಬ್ದದ ವೇಗವನ್ನು ಮೀರಿ ವಿಮಾನ ಹಾರಿಸಿದ ಮೊದಲ ಮಹಿಳೆ ಜಾಕ್ವೆಲಿನ್ ಕಾಕ್ರನ್! ಅವರನ್ನು ಸೋಲಿಸಿ, ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಭಾರತೀಯ ಮೂಲದವರೆಂಬ ಕೀರ್ತಿ ಸೌಂದ್ ಅವರದಾಯಿತು. ಮೂರು ಬಾರಿ ಗೆದ್ದ ಅವರಿಗೆ 1962ರಲ್ಲಿ ಪಾರ್ಶ್ವವಾಯು ಬಡಿಯಿತು. ಆ ವರ್ಷದ ಚುನಾವಣೆಯಲ್ಲಿ ಸೋತರು. 1973ರಲ್ಲಿ ತೀರಿಕೊಂಡರು. ಟೆಮೆಕ್ಯುಲಾ ಪಟ್ಟಣದ ಅಂಚೆ ಕಚೇರಿ ಈಗ ಅವರ ಹೆಸರು ಹೊತ್ತಿದೆ.

ಅವರು ತೆರೆದ ಬಾಗಿಲಿನಲ್ಲಿ ಮುಂದೆ ಹಲವರು ನಡೆದರು. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ರಸಾಯನಶಾಸ್ತ್ರಜ್ಞ ಶ್ರೀ ಥಾಣೇದಾರ್ 2023ರಲ್ಲಿ ಮಿಷಿಗನ್ ರಾಜ್ಯದ ಪ್ರತಿನಿಧಿಯಾಗಿ ಅದೇ ಸಂಸತ್ತನ್ನು ಪ್ರವೇಶಿಸಿದರು.

ಕಣಿವೆಗೆ ನೀರು ತಾನಾಗಿ ಹರಿದು ಬರುತ್ತದೆ. ಸೌಂದ್ ಅವರಿಗೆ ಹಕ್ಕು ಹಾಗೆ ಬರಲಿಲ್ಲ. ಡಾಕ್ಟರೇಟ್ ಕೈಗೆ ಬಂದ ಮೇಲೆ ಪೌರತ್ವಕ್ಕಾಗಿ ಅವರು ಕಾದದ್ದು 25 ವರ್ಷ. ಫಲಿತಾಂಶದ ದಿನ ಒಂದೆರಡು ಅಂಕ ಕಡಿಮೆಯಾದಾಗ ಮಕ್ಕಳೂ ಹೆತ್ತವರೂ ಈ ಲೆಕ್ಕವನ್ನು ನೆನಪಿಸಿಕೊಳ್ಳಬಹುದು.