ಪಾಲಿಗೆ ಬಂದ ನಾಚಿಕೆ

ನಮ್ಮ ದೇವನಹಳ್ಳಿ ಕಡೆ ಈಗ ಯಾರು ಯಾರನ್ನು ಬೇಕಾದರೂ ಕೇಳಬಹುದಾದ ಪ್ರಶ್ನೆ ಒಂದಿದೆ: “ಎಕರೆ ಎಷ್ಟಕ್ಕೆ ಹೋಯ್ತು?” ಬಸ್ಸಿನಲ್ಲಿ ಪಕ್ಕ ಕೂತವರು ಕೇಳುತ್ತಾರೆ, ಹೋಟೆಲಿನಲ್ಲಿ ಟೀ ತಂದಿಡುವವನು ಕೇಳುತ್ತಾನೆ, ತಿಥಿ ಊಟದ ಪಂಕ್ತಿಯಲ್ಲಿ ಪಾಯಸ ಬಡಿಸುತ್ತ ಕೇಳುವವರೂ ಇದ್ದಾರೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಮಳೆ ಬೆಳೆ ವಿಚಾರಿಸುತ್ತಿದ್ದ ಜಾಗದಲ್ಲಿ ಈ ಪ್ರಶ್ನೆ ಬಂದು ಕೂತಿದೆ. ಕೇಳಬಾರದವಳು ಒಬ್ಬಳೇ, ಆ ಮನೆಯಲ್ಲಿ ಹುಟ್ಟಿ ಬೇರೆ ಮನೆ ಸೇರಿದ ಹೆಣ್ಣುಮಗಳು. ಅವಳು ಬಾಯಿ ಬಿಟ್ಟರೆ ಕುಶಲ ಪ್ರಶ್ನೆ ಅಲ್ಲೇ ದಾವೆಯಾಗುತ್ತದೆ.

ನಾನು ಅಂಥವಳು. ತವರು ವಿಜಯಪುರದ ಮಗ್ಗುಲಿನ ಹಳ್ಳಿ. 1991ರಲ್ಲಿ ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಬಂದೆ. ಮನೆಯ ಹಿಂದುಗಡೆ ಯಜಮಾನರ ಪವರ್‌ಲೂಮುಗಳು, ನನಗೆ ಶಾಲೆಯಲ್ಲಿ ಟೀಚರ್ ಕೆಲಸ. ಸಂಬಳ ಬಂದ ದಿನ ಅಷ್ಟನ್ನೂ ಅತ್ತೆಯ ಕೈಗಿಟ್ಟು, ಮಾರನೇ ದಿನ ಬಸ್ ಚಾರ್ಜಿಗೆ ಅವರಿಂದಲೇ ಇಸಿದುಕೊಂಡು ಹೋಗುತ್ತಿದ್ದೆ. ಯಾರೂ ಬಲವಂತ ಮಾಡಿರಲಿಲ್ಲ. ನನ್ನ ದುಡಿಮೆಯ ದುಡ್ಡು ನನ್ನ ಬ್ಯಾಗಿನಲ್ಲಿ ಒಂದು ರಾತ್ರಿ ಉಳಿದರೂ ಏನೋ ಕದ್ದ ಹಾಗೆ ಅನ್ನಿಸುತ್ತಿತ್ತು, ಅಷ್ಟೆ.

ಕೆಲವು ವರ್ಷಗಳ ಹಿಂದೆ ಅಣ್ಣ ಎರಡು ಎಕರೆ ಮಾರಲು ಹೊರಟ. ಕೊಳ್ಳುವವರ ವಕೀಲರು ವಂಶವೃಕ್ಷ ನೋಡಿ, ಹೆಣ್ಣುಮಕ್ಕಳ ಸಹಿ ಇಲ್ಲದೆ ಆಗುವುದಿಲ್ಲ ಅಂದರು. ಇದಕ್ಕೆ ನಮ್ಮ ಕಡೆ ಒಂದು ವಾಡಿಕೆಯೇ ಬೆಳೆದಿದೆ. ಅಕ್ಕತಂಗಿಯರನ್ನು ಕಾರಿನಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುವುದು, ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸುವುದು, ಮಸಾಲೆ ದೋಸೆ ಕೊಡಿಸುವುದು, ಆಮೇಲೆ ಒಂದು ರೇಷ್ಮೆ ಸೀರೆ, ಜೊತೆಗೆ “ಅರಿಶಿನ ಕುಂಕುಮಕ್ಕೆ” ಅಂತ ಒಂದಷ್ಟು. ತಂಗಿ ಪತ್ರ ಓದದೆಯೇ ಒಪ್ಪಿಕೊಂಡಳು. ನಾನು, “ಪಾಲು ಅಂತ ಬರೆಸಣ್ಣ, ಸಹಿ ಹಾಕ್ತೀನಿ” ಅಂದೆ. ಅಣ್ಣ ಮಾತಾಡಲಿಲ್ಲ. ಅತ್ತಿಗೆ, “ನಿಮಗೇನು ಕಮ್ಮಿಯಾಗಿದೆ ಅಂತ?” ಅಂದರು. ಅವ್ವ ಮಾತ್ರ ಎಲ್ಲರಿಗಿಂತ ಮೆತ್ತಗೆ, “ಅವನ ಮಕ್ಕಳ ಅನ್ನಕ್ಕೆ ಕೈ ಹಾಕ್ತೀಯೇನಮ್ಮಿ?” ಅಂದಳು.

ಅಣ್ಣನ ವಾದ ಬೇರೆ: “ನಿನ್ನ ಮದುವೆ ಕಾಯ್ದೆಗಿಂತ ಮುಂಚೆನೇ ಆಗೋಗಿದೆ.” ಅವನು ಸುಳ್ಳು ಹೇಳಲಿಲ್ಲ, ಹಳೆಯದನ್ನು ಹೇಳಿದ. ಕರ್ನಾಟಕ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಾಗ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಬಾಗಿಲನ್ನೂ ತೆರೆಯಿತು. ಆ ದಿನಕ್ಕೆ ತಂದೆ ಬದುಕಿರಲೇಬೇಕೆಂದಿಲ್ಲ ಅಂತ ಸುಪ್ರೀಂ ಕೋರ್ಟು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಖಚಿತ ಮಾಡಿತು. ಹೀಗೆ ಕಾನೂನು ಕಂತು ಕಂತಾಗಿಯಾದರೂ ನನಗೆ ಅಪ್ಪಣೆ ಕೊಟ್ಟಿತ್ತು. ಮನಸ್ಸು ಮೊದಲನೇ ಕಂತನ್ನೂ ಕೊಟ್ಟಿರಲಿಲ್ಲ.

ಅಣ್ಣ ಕೊನೆಗೆ ಕೊಟ್ಟ, ನನಗೂ ತಂಗಿಗೂ. ಆ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ಮರುವರ್ಷ ಅವನೇ ಹೊತ್ತುಕೊಂಡು ಬಂದು, ಬಜ್ಜಿ ತಿಂದು, ಬಿಪಿ ಮಾತ್ರೆಯ ರೇಟಿನ ಬಗ್ಗೆ ಬೈದುಕೊಂಡು ಹೋದ. ಅಲ್ಲಿಗೆ ಸಂಬಂಧ ಸರಿಹೋಯಿತು. ಸರಿಹೋಗದೆ ಉಳಿದವಳು ನಾನು.

ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟು ಅದರ ಬಾಂಡನ್ನು ಮದುವೆ ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟೆ, ಕಳ್ಳರಿಗೆ ಹೆದರಿ ಅಲ್ಲ, ನನಗೇ ಕಾಣಿಸದಿರಲಿ ಅಂತ. ಮಂಡಿ ನೋವಿದ್ದರೂ ಆಟೋ ಹತ್ತುತ್ತಿರಲಿಲ್ಲ. ಹೊಸ ಮಿಕ್ಸಿ ತಂದಾಗ ಪಕ್ಕದ ಮನೆಯವರಿಗೆ “ಆಫರ್‌ನಲ್ಲಿತ್ತು” ಅಂದೆ. ಆಫರ್ ಇರಲಿಲ್ಲ. ಸಾಲ ಕೇಳಿ ಬಂದವರಿಗೆ ಇಲ್ಲವೆನ್ನುತ್ತಿರಲಿಲ್ಲ. ಅದನ್ನು ದಾನಬುದ್ಧಿ ಅಂತ ಹೊಗಳಿದವರಿದ್ದಾರೆ. ದುಡ್ಡಿದೆ ಅನ್ನುವ ಆರೋಪದಿಂದ ಬಿಡಿಸಿಕೊಳ್ಳುವ ಆತುರ ಅದು. ನಮ್ಮ ಸುತ್ತಿನ ಊರುಗಳಲ್ಲಿ ಜಮೀನು ಮಾರಿದ ಹಣ ಕಾರು, ಬೀಗರೂಟ, ದೇವಸ್ಥಾನದ ಕಮಾನು ಅಂತ ಎರಡು ವರ್ಷಕ್ಕೆ ಕರಗಿಹೋದಾಗ “ಭೂತಾಯಿ ಮಾರಿದ ದುಡ್ಡು ನಿಲ್ಲಲ್ಲ” ಅನ್ನುತ್ತಾರೆ. ಅದರಲ್ಲಿ ಶಾಪವೇನೂ ಇಲ್ಲ ಅಂತ ಈಗ ನನಗೆ ಅನ್ನಿಸುತ್ತದೆ. ನಾಚಿಕೆಪಟ್ಟವರಿಗೆ ದುಡ್ಡನ್ನು ದಿಟ್ಟಿಸಿ ನೋಡುವ ಧೈರ್ಯವಿರುವುದಿಲ್ಲ. ನೋಡಿಕೊಳ್ಳದ ದುಡ್ಡು ಯಾರ ಮನೆಯಲ್ಲೂ ನಿಲ್ಲುವುದಿಲ್ಲ.

ನನ್ನ ನಾಚಿಕೆ ಹೇಳಿಕೊಳ್ಳುತ್ತಿದ್ದ ಕಾರಣ ಒಂದೇ, ಇದು ನಾನು ಬೆವರು ಸುರಿಸಿದ ದುಡ್ಡಲ್ಲ. ಒಂದು ಮಧ್ಯಾಹ್ನ ಅದನ್ನೇ ಹಿಡಿದು ಕೂರಿಸಿ ವಿಚಾರಿಸಿದೆ. ನಾವು ರೇಷ್ಮೆಹುಳ ಸಾಕುತ್ತಿದ್ದವರು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ಹಗಲು ರಾತ್ರಿ ಇಲ್ಲ. ಇಡೀ ಸಾಕಣೆಯಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಆ ಒಂದು ವಾರದಲ್ಲೇ ತಿನ್ನುತ್ತದೆ. ನಡುರಾತ್ರಿ ಎದ್ದು ಸೊಪ್ಪು ಹಾಕುತ್ತಿದ್ದವರು, ಹಣ್ಣಾದ ಹುಳ ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದವರು ಅವ್ವ, ನಾನು, ತಂಗಿ. ಅಣ್ಣನಿಗೆ ಬೆಳಿಗ್ಗೆ ಕಾಲೇಜಿತ್ತು. ಅಪ್ಪ ವಿಜಯಪುರದಲ್ಲಿ ಗೂಡು ಮಾರಿ ಬಂದ ಹಣದಲ್ಲೇ ಅಣ್ಣನ ಫೀಸು ಕಟ್ಟಿದ್ದು, ಈಗ ಮಾರಿದ ಎರಡು ಎಕರೆಯಲ್ಲಿ ಅರ್ಧ ಎಕರೆ ಕೊಂಡದ್ದು. ಪಹಣಿಯ ಕಾಲಂಗಳಲ್ಲಿ ಮಣ್ಣಿನ ಬಣ್ಣಕ್ಕೂ ಜಾಗವಿದೆ. ಆ ರಾತ್ರಿಗಳಿಗೆ ಇರಲಿಲ್ಲ. ಅದನ್ನು ದುಡಿಮೆಯೆಂದು ನಾವೂ ಬರೆದಿಟ್ಟುಕೊಳ್ಳಲಿಲ್ಲ.

ಇಷ್ಟಾದರೂ ಶರಣೆ ಆಯ್ದಕ್ಕಿ ಲಕ್ಕಮ್ಮ ನನ್ನನ್ನು ಬಿಟ್ಟಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಆ ಕತೆ ಹೇಳಿದವಳು ನಾನು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ, ಲಕ್ಕಮ್ಮ ವಾಪಸು ಕಳಿಸಿದಳು. ನೀತಿ: ಆಸೆ ಪಡಬಾರದು. ಮತ್ತೆ ಯೋಚಿಸಿದರೆ ಕತೆಯಲ್ಲಿ ಆ ಹೆಂಗಸು ಎಲ್ಲೂ ನಾಚಿಕೊಂಡಿಲ್ಲ. ತನ್ನ ಮನೆಗೆ ಎಷ್ಟು ಬೇಕೆಂದು ಅವಳಿಗೆ ಗೊತ್ತು. ಹೆಚ್ಚಿಗೆ ಬಂದದ್ದು ತಮ್ಮದಲ್ಲ ಅಂತಲೂ ಗೊತ್ತು. ಅಳೆದಳು, ತನ್ನದನ್ನು ಇಟ್ಟುಕೊಂಡಳು, ಉಳಿದದ್ದನ್ನು ಅದರ ಜಾಗಕ್ಕೆ ಕಳಿಸಿದಳು. ಇಟ್ಟುಕೊಂಡ ಅಕ್ಕಿಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಡಲಿಲ್ಲ, ಬೇಯಿಸಿ ಬಡಿಸಿದಳು.

ತಮಾಷೆಯೆಂದರೆ ಲಕ್ಕಮ್ಮ ಬದುಕಿದ್ದ ಅದೇ ಕಲ್ಯಾಣದಲ್ಲಿ, ಅವಳಿಗಿಂತ ಕೆಲವು ದಶಕ ಮುಂಚೆ, ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ‘ಮಿತಾಕ್ಷರ’ ಬರೆದ. ಹುಟ್ಟಿದ ಗಂಡುಮಗುವಿಗೆ ಪಿತ್ರಾರ್ಜಿತದಲ್ಲಿ ಆಗಲೇ ಹಕ್ಕು ಅನ್ನುವ ನಿಯಮ ದೇಶದ ಬಹುಭಾಗದಲ್ಲಿ ನಡೆದದ್ದು ಆ ಗ್ರಂಥದ ಬಲದಿಂದ. ಸ್ತ್ರೀಧನದ ವಿಚಾರದಲ್ಲಿ ಅವನ ಕೈ ಧಾರಾಳವೇ ಇತ್ತು, ಪಿತ್ರಾರ್ಜಿತದ ಬಾಗಿಲಲ್ಲಿ ಮಾತ್ರ ಹೆಣ್ಣುಮಕ್ಕಳು ನಿಂತರು. ಅವ್ವ ಹುಟ್ಟುವ ಮೊದಲೇ, 1933ರಲ್ಲಿ, ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಹಕ್ಕಿಗೆಂದೇ ಕಾಯ್ದೆ ತಂದು ವಿಧವೆಯರಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಒಂದಂಶ ಕೊಟ್ಟಿತ್ತು. ಅವ್ವನಿಗೆ ಅದು ಯಾರೂ ಹೇಳದ ಸುದ್ದಿ. ಅವಳ ಬಾಯಲ್ಲಿ ವಿಜ್ಞಾನೇಶ್ವರ ಮಾತಾಡುತ್ತಿದ್ದ, ನಾನು ಅದನ್ನು ಲಕ್ಕಮ್ಮನ ದನಿ ಅಂದುಕೊಂಡು ತಲೆ ತಗ್ಗಿಸುತ್ತಿದ್ದೆ.

ಎದುರಿಗೇ ಇನ್ನೊಂದು ಕನ್ನಡಿ ಇತ್ತು. ನಮ್ಮ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹದಿಮೂರು ಹಳ್ಳಿಗಳ ರೈತರು 1,777 ಎಕರೆ ಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. ಸರ್ಕಾರ ಕೈಬಿಟ್ಟೆವೆಂದು ಹೇಳಿದ್ದು 2025ರ ಜುಲೈ 15ರಂದು. ಅವರು ಬೇಡವೆನ್ನುತ್ತಿದ್ದ ಕಾಲದಲ್ಲಿ ನಾನು ಮಾರಿದ ದುಡ್ಡಿನ ಬಡ್ಡಿ ತಿನ್ನುತ್ತಿದ್ದೆ. ಆದರೆ ಆ ಹೋರಾಟದಲ್ಲಿ ನಾನು ಕೇಳಿದ್ದು ದುಡ್ಡು ಪಾಪ ಅನ್ನುವ ಮಾತನ್ನಲ್ಲ. ದ್ರಾಕ್ಷಿಗೆ ಇಷ್ಟು, ಹೂವಿಗೆ ಇಷ್ಟು, ತರಕಾರಿಗೆ ಇಷ್ಟು, ಡೈರಿಗೆ ಹಾಕುವ ಹಾಲಿಗೆ ಇಷ್ಟು, ಈ ಭೂಮಿ ವರ್ಷ ವರ್ಷ ಕೊಡುವುದನ್ನು ಯಾವ ಪರಿಹಾರ ಕೊಡುತ್ತದೆ ಅಂತ ಬೆರಳು ಮಡಿಸಿ ಎಣಿಸುತ್ತಿದ್ದರು. ಬೇಡವೆನ್ನಲು ಅವರಿಗೆ ಬಲ ಕೊಟ್ಟದ್ದು ಆ ಎಣಿಕೆ. ಬೇಕೆನ್ನಲು ನನಗೂ ಅದೇ ಆಗಬೇಕಿತ್ತು.

ಹಾಗಾಗಿ ಶಾಲೆಯ ಹಳೇ ಹಾಜರಿ ಪುಸ್ತಕವೊಂದರ ಖಾಲಿ ಹಾಳೆಯಲ್ಲಿ ಬರೆಯುತ್ತ ಹೋದೆ, ಈ ದುಡ್ಡಿನಲ್ಲಿ ಯಾರದು ಎಷ್ಟು. ಅಣ್ಣನದು ಅವನಿಗೆ ಹೋಗಿತ್ತು, ತಂಗಿಯದು ತಂಗಿಗೆ. ಅವ್ವನ ಔಷಧಿಗೆ ನನ್ನ ಭಾಗ ಬರೆದೆ. ಅಲ್ಲಿ ಪೆನ್ನು ನಿಂತಿತು. ನಮ್ಮ ಜೊತೆ ರಾತ್ರಿ ಸೊಪ್ಪು ಹಾಕುತ್ತಿದ್ದ ನಾಲ್ಕನೆಯವಳು ಒಬ್ಬಳಿದ್ದಳು, ಊರಾಚೆಯ ಕೇರಿಯವಳು. ಹಗಲಿನ ಕೂಲಿಗೇ ರಾತ್ರಿಯೂ ಸೇರಿಹೋಗಿತ್ತು. ಯಾವ ವಂಶವೃಕ್ಷದಲ್ಲೂ ಅವಳಿಗೆ ಕೊಂಬೆ ಇಲ್ಲ, ಯಾವ ಕೋರ್ಟೂ ಅವಳ ಹೆಸರು ಕೂಗುವುದಿಲ್ಲ. ಇಷ್ಟು ದಿನ ಎಲ್ಲೆಂದರಲ್ಲಿ ಚುಚ್ಚುತ್ತಿದ್ದ ನಾಚಿಕೆಗೆ ನಿಜವಾದ ವಿಳಾಸ ಇದ್ದದ್ದು ಅದೊಂದೇ. ಅವಳ ಮೊಮ್ಮಗಳು ನರ್ಸಿಂಗ್ ಸೇರುವವಳಿದ್ದಳು. ಹೋಗಿ, “ಧರ್ಮಕ್ಕೆ ಅಲ್ಲ, ಹಳೇ ಕೂಲಿ ಬಾಕಿ” ಅಂತ ಫೀಸಿನ ಹಣ ಕೊಟ್ಟೆ. ಅವಳು ಕಣ್ಣೀರು ಹಾಕಲಿಲ್ಲ, ಕೈಯೂ ಮುಗಿಯಲಿಲ್ಲ. ಎಣಿಸಿ ಸೆರಗಿಗೆ ಕಟ್ಟಿಕೊಂಡು, “ಇಷ್ಟು ವರ್ಷದ್ದು ಬಡ್ಡಿ ಹಾಕಿದ್ದೀಯಾ ಇಲ್ವಾ?” ಅಂತ ನಕ್ಕಳು. ನಾನು ಹಾಕಿರಲಿಲ್ಲ. ಎರಡನೇ ವರ್ಷದ ಫೀಸನ್ನು ಬಡ್ಡಿಯ ಲೆಕ್ಕಕ್ಕೆ ಬರೆದುಕೊಂಡೆ.

ಅದಾದ ಮೇಲೆ ಉಳಿದದ್ದು ನನ್ನದು. ಮಂಡಿಗೆ ಒಳ್ಳೆಯ ಡಾಕ್ಟರರನ್ನು ಕಂಡೆ, ಆಟೋ ಹತ್ತುತ್ತೇನೆ, ಕೊಡಲಾಗದವರಿಗೆ “ಇದೆ, ಆದರೆ ಕೊಡಲ್ಲ” ಅನ್ನುವುದನ್ನು ಅಭ್ಯಾಸ ಮಾಡಿಕೊಂಡಿದ್ದೇನೆ. ಹೇಳುವಾಗ ನಾಲಿಗೆ ಈಗಲೂ ಸ್ವಲ್ಪ ತಡವರಿಸುತ್ತದೆ.

ಮೊನ್ನೆ ಉಯಿಲು ಬರೆಸುತ್ತೇನೆ, ಮಗನಿಗೂ ಮಗಳಿಗೂ ಸಮಪಾಲು ಅಂದೆ. ಮಗಳು ಬೆಂಗಳೂರಿನಲ್ಲಿ ದೊಡ್ಡ ಕಂಪನಿಯ ಕೆಲಸದಲ್ಲಿದ್ದಾಳೆ, ಸಾಲದ ಬಡ್ಡಿ, ತೆರಿಗೆ ಎಲ್ಲ ಬೆರಳ ತುದಿಯಲ್ಲಿದೆ. ಅವಳು ಫೋನಿನಿಂದ ಕಣ್ಣೆತ್ತದೆ, “ನನಗ್ಯಾಕಮ್ಮ, ಅಣ್ಣನಿಗೇ ಇರಲಿ ಬಿಡು” ಅಂದಳು. ನನಗೆ ನಗು ಬಂತು, ಸಿಟ್ಟೂ ಬಂತು. ಪಿತ್ರಾರ್ಜಿತ ಹೆಣ್ಣುಮಕ್ಕಳವರೆಗೆ ಬರಲು ಸುಮಾರು ಒಂಬೈನೂರು ವರ್ಷ ಹಿಡಿಯಿತು. ಈ ನಾಚಿಕೆ ವಿಭಾಗ ಪತ್ರವಿಲ್ಲದೆ, ರಿಜಿಸ್ಟರ್ ಇಲ್ಲದೆ, ಅವ್ವನಿಂದ ನನಗೆ, ನನ್ನಿಂದ ಇವಳಿಗೆ ಒಂದು ಗುಂಟೆಯೂ ಕಮ್ಮಿಯಾಗದೆ ಬಂದುಬಿಟ್ಟಿದೆ.

“ಬೇಡ ಅನ್ನೋದಾದ್ರೆ ಅನ್ನು ಮಗಳೇ,” ಅಂದೆ, “ಆದ್ರೆ ಮೊದಲು ಕೂತ್ಕೊಂಡು ಪೂರ್ತಿ ಓದು.”