ದಂಡಿನ ಎತ್ತುಗಳ ಹುಲ್ಲುಗಾವಲು

ಕಡೂರು ಸೀಮೆಯ ಸಿಂಗಟಗೆರೆಯ ಕಡೆ ಬೇಸಗೆಯಲ್ಲಿ ಸಂಚರಿಸುವವರ ಕಣ್ಣಿಗೆ ಮೊದಲು ಬೀಳುವುದು ಬಯಲು; ಒಣಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಯ ಮರ. ಪಟ್ಟಣವಾಸಿಯಾದ ನಾನು ಅದನ್ನು ಬೀಳುನೆಲವೆಂದೆ. “ಬೀಳಲ್ಲ ಸ್ವಾಮಿ, ಕಾವಲು,” ಎಂದು ಜೊತೆಗಿದ್ದ ಮುದುಕರು ತಿದ್ದಿದರು.

ಅವರ ಮಾತು ನಿಜ. ಚಿಕ್ಕದೇವರಾಜ ಒಡೆಯರ (1673–1704) ‘ಬೆಣ್ಣೆ ಚಾವಡಿ’ಗೆ ‘ಅಮೃತ ಮಹಲ್’ ಎಂಬ ಹೆಸರನ್ನಿತ್ತವನು ಟಿಪ್ಪು ಸುಲ್ತಾನ. ಫಿರಂಗಿಗಳನ್ನೆಳೆಯುವ ಎತ್ತುಗಳಿಗಾಗಿ ಇಂಥ ಕಾವಲುಗಳು ಮೀಸಲಾಗಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಆ ದನಗಳು ಆಂಗ್ಲರ ದಂಡಿಗೂ ದುಡಿದವು. ಯುದ್ಧಕ್ಕೆಂದು ಕಾದ ಹುಲ್ಲು, ನೇಗಿಲು ತಾಗದ ಕಾರಣ, ಕೃಷ್ಣಮೃಗಕ್ಕೂ ತೋಳಕ್ಕೂ ನೆಲಗುಬ್ಬಿಗೂ ಮನೆಯಾಯಿತು!

ಇಂದು ಫಿರಂಗಿಗೆ ಎತ್ತು ಬೇಕಿಲ್ಲ. ಅಜ್ಜಂಪುರದ ತಳಿ ಕೇಂದ್ರದಲ್ಲಿ ಆ ನೀಳಕೊಂಬಿನ ವಂಶವನ್ನು ಕಾಪಾಡಲಾಗುತ್ತಿದೆ. ಇದೇ ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲಿನ 736 ಹೆಕ್ಟೇರು ಭೂಮಿ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಚಳ್ಳಕೆರೆಯ ಕಾವಲುಗಳ ಹಣೆಬರಹ ಬೇರೆ: ಅಲ್ಲಿನ ಸಾವಿರಾರು ಎಕರೆ ಈ ಶತಮಾನದಲ್ಲಿ ರಕ್ಷಣಾ ಸಂಶೋಧನೆ ಮೊದಲಾದ ಸಂಸ್ಥೆಗಳಿಗೆ ಸಂದಿತು. ದಂಡಿಗಾಗಿ ಉಳಿದ ಹುಲ್ಲನ್ನು ದಂಡಿನ ಹೊಸ ಅಗತ್ಯವೇ ಬೇಲಿಯೊಳಗೆ ಸೇರಿಸಿತು.

ಮರವಿಲ್ಲದ ನೆಲವೆಲ್ಲ ಬಂಜರೆಂಬುದು ನಮ್ಮ ಭ್ರಮೆ. ಹುಲ್ಲುಗಾವಲನ್ನು ಉತ್ತರೂ, ಅಲ್ಲಿ ನೀಲಗಿರಿ ನೆಟ್ಟರೂ ಕೃಷ್ಣಮೃಗಕ್ಕೆ ಓಡುವ ಬಯಲು ತಪ್ಪುತ್ತದೆ. ದನಗಳಿಗೆ ಮೇವು ತಪ್ಪುತ್ತದೆ.

ಸಂಜೆ ಹಿಂದಿರುಗುವಾಗ ದೂರದ ಹುಲ್ಲಿನಲ್ಲಿ ಏನೋ ಚಂಗನೆ ನೆಗೆದು ಮರೆಯಾಯಿತು. ಮುದುಕರು ನಕ್ಕರು. ಬೀಳೆಂಬ ಮಾತು ಮತ್ತೆ ನನ್ನ ಬಾಯಿಗೆ ಬರಲಿಲ್ಲ.