ಹತ್ತನೆಯವನ ಎಣಿಕೆ

ಆತ್ಮಜ್ಞಾನವೆಂಬ ಮಾತನ್ನು ಕೇಳಿದೊಡನೆ ನಮ್ಮ ಗೃಹಸ್ಥರಲ್ಲಿ ಅನೇಕರು, ಅದು ಮನೆಮಾರುಗಳನ್ನು ತೊರೆದು ಹೋದವರ ವಿಷಯವೆಂದೂ, ಮಕ್ಕಳ ವಿದ್ಯಾಭ್ಯಾಸ, ಮದುವೆ ಮುಂಜಿಗಳು, ತಿಂಗಳ ದಿನಸಿಯ ಲೆಕ್ಕ ಇವುಗಳಲ್ಲಿ ಮುಳುಗಿರುವ ತಮಗೆ ಅದರಿಂದ ಆಗಬೇಕಾದುದೇನೂ ಇಲ್ಲವೆಂದೂ ಭಾವಿಸುವುದುಂಟು. ಈ ಭಾವನೆಯು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಈ ಚಿಕ್ಕ ಲೇಖನದಲ್ಲಿ ವಿಚಾರ ಮಾಡಬೇಕೆಂಬುದು ನಮ್ಮ ಉದ್ದೇಶ. ಅದಕ್ಕಾಗಿ ದೊಡ್ಡ ತರ್ಕಗಳನ್ನು ಎತ್ತಿಕೊಳ್ಳುವುದಿಲ್ಲ. ನಮ್ಮ ವೇದಾಂತಿಗಳು ಮಕ್ಕಳಿಗೂ ತಿಳಿಯುವಂತೆ ಹೇಳಿರುವ ಒಂದು ಕಥೆಯೇ ಸಾಕು.

ಹತ್ತು ಮಂದಿ ಪಯಣಿಗರು ಒಂದು ನದಿಯನ್ನು ದಾಟಿದರು. ದಡ ಸೇರಿದ ಮೇಲೆ, ಎಲ್ಲರೂ ಸುಖವಾಗಿ ಬಂದರೋ ಇಲ್ಲವೋ ಎಂದು ಒಬ್ಬನು ಎಣಿಸಿದನು, ಒಂಬತ್ತೇ ಆಯಿತು. ಮತ್ತೊಬ್ಬನು ಎಣಿಸಿದನು, ಆಗಲೂ ಒಂಬತ್ತೇ. ಎಣಿಸುವವನು ತನ್ನನ್ನು ಬಿಟ್ಟು ಉಳಿದವರನ್ನೆಲ್ಲ ಎಣಿಸುತ್ತಿದ್ದನೆಂಬುದು ಯಾರಿಗೂ ತೋರಲಿಲ್ಲ. ಹತ್ತನೆಯವನು ನೀರಿನ ಪಾಲಾದನೆಂದು ನಿಶ್ಚಯಿಸಿ, ತಲೆ ಚಚ್ಚಿಕೊಂಡು ಗೋಳಾಡತೊಡಗಿದರು. ಆ ದಾರಿಯಲ್ಲಿ ಬಂದ ಸಜ್ಜನನೊಬ್ಬನು ಸಂಗತಿಯನ್ನು ಕೇಳಿ ತಿಳಿದು, ಹತ್ತನೆಯವನು ಸತ್ತಿಲ್ಲ, ಬದುಕಿದ್ದಾನೆ ಎಂದು ಮೊದಲು ಸಮಾಧಾನ ಹೇಳಿದನು. ಬಳಿಕ ಅವರಲ್ಲೊಬ್ಬನಿಂದ ಎಣಿಸಿಸಿ, ಒಂಬತ್ತಕ್ಕೆ ನಿಂತ ಅವನ ಬೆರಳನ್ನು ಅವನ ಎದೆಯ ಕಡೆಗೇ ತಿರುಗಿಸಿ, ಹತ್ತನೆಯವನು ಅವನೇ ಎಂದು ತೋರಿಸಿಕೊಟ್ಟನು. ಅಳು ನಿಂತಿತು.

ಈ ದೃಷ್ಟಾಂತವನ್ನು ಶಂಕರಾಚಾರ್ಯರು ‘ಉಪದೇಶಸಾಹಸ್ರೀ’ ಎಂಬ ತಮ್ಮ ಗ್ರಂಥದಲ್ಲಿ ಉಪಯೋಗಿಸಿದ್ದಾರೆ. ನಮ್ಮ ಶೃಂಗೇರಿಯ ಪೀಠದಲ್ಲಿ 14ನೆಯ ಶತಮಾನದಲ್ಲಿ ವಿರಾಜಿಸಿದ್ದ ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ‘ಪಂಚದಶೀ’ ಗ್ರಂಥವಾದರೋ, ತನ್ನ 15 ಪ್ರಕರಣಗಳಲ್ಲಿ 7ನೆಯದಾದ ತೃಪ್ತಿದೀಪದಲ್ಲಿ, ಇದನ್ನೇ 7 ಅವಸ್ಥೆಗಳಾಗಿ ಬಿಡಿಸಿ ತೋರಿಸುತ್ತದೆ. ಹತ್ತನೆಯವನು ತಾನೆಂದು ತಿಳಿಯದಿರುವುದು ಅಜ್ಞಾನ. ಹತ್ತನೆಯವನು ಇಲ್ಲ, ಕಾಣುತ್ತಿಲ್ಲ ಎನ್ನುವುದು ಆವರಣ. ಅವನು ಸತ್ತನೆಂದು ಅಳುವುದು ವಿಕ್ಷೇಪ. ಇದ್ದಾನೆಂದು ಆಪ್ತನಿಂದ ಕೇಳಿ ನಂಬುವುದು ಪರೋಕ್ಷಜ್ಞಾನ. ತಾನೇ ಎಂದು ಅರಿಯುವುದು ಅಪರೋಕ್ಷಜ್ಞಾನ. ಶೋಕವು ತೊಲಗುವುದೂ ತೃಪ್ತಿಯುಂಟಾಗುವುದೂ ಕಡೆಯ ಎರಡು. ಇಲ್ಲಿ ಕನ್ನಡದ ಒಂದು ಸೊಗಸನ್ನು ವಾಚಕರು ಗಮನಿಸಬೇಕು. ‘ಮರೆ’ ಎಂಬ ನಮ್ಮ ಒಂದೇ ಮಾತು ನೆನಪು ತಪ್ಪುವುದನ್ನೂ ಹೇಳುತ್ತದೆ, ಅಡ್ಡಲಾಗಿ ನಿಂತ ತೆರೆಯನ್ನೂ ಹೇಳುತ್ತದೆ. ಶಾಸ್ತ್ರಕಾರರು ಅಜ್ಞಾನ, ಆವರಣ ಎಂದು ಎರಡು ಹೆಸರಿಟ್ಟುದನ್ನು ಈ ಎರಡಕ್ಷರದ ಮಾತು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ.

ಆ ಹತ್ತು ಮಂದಿಯನ್ನು ಮೂಢರೆಂದು ನಗುವುದಕ್ಕೆ ಮೊದಲು ನಾವು ಸ್ವಲ್ಪ ತಡೆಯಬೇಕು. ಅವರಿಗೆ ಲೆಕ್ಕ ಬರುತ್ತಿರಲಿಲ್ಲವೆಂದಲ್ಲ. ಒಂಬತ್ತರವರೆಗೆ ಸರಿಯಾಗಿಯೇ ಎಣಿಸಿದರು. ಹೊರಗಿನದನ್ನೆಲ್ಲ ನೋಡುವ ಕಣ್ಣು ತನ್ನನ್ನು ತಾನು ನೋಡಲಾರದೆಂಬ ಸ್ವಭಾವವೇ ಇಲ್ಲಿಯ ತೊಡಕು. ನಾವು ಉಪಾಧ್ಯಾಯರಾಗಿದ್ದ ಕಾಲವೆಲ್ಲ ದಿನವೂ ಬೆಳಗ್ಗೆ ತರಗತಿಯ ಹಾಜರಿ ಪುಸ್ತಕವನ್ನು ತೆರೆದು ಹುಡುಗರ ಹೆಸರುಗಳನ್ನು ಕೂಗುತ್ತಿದ್ದೆವು. ಆ ಪಟ್ಟಿಯಲ್ಲಿ ಎಲ್ಲರ ಹೆಸರೂ ಇರುತ್ತಿತ್ತು, ಕೂಗುವವನ ಹೆಸರು ಇರುತ್ತಿರಲಿಲ್ಲ. ಮನುಷ್ಯನ ವಿದ್ಯೆಯೆಲ್ಲ ಬಹುಮಟ್ಟಿಗೆ ಇಂಥದೊಂದು ಪಟ್ಟಿಯೇ. ನಕ್ಷತ್ರಗಳ ದೂರವನ್ನು ಅಳೆದಿದ್ದೇವೆ. ರಕ್ತದ ಒಂದು ಹನಿಯಲ್ಲಿರುವ ಕಣಗಳನ್ನು ಎಣಿಸಬಲ್ಲೆವು. ಅಳೆಯುವವನಾರು ಎಂಬುದು ಮಾತ್ರ ಪಟ್ಟಿಯ ಹೊರಗೇ ಉಳಿದುಬಿಡುತ್ತದೆ. ಛಾಂದೋಗ್ಯೋಪನಿಷತ್ತಿನ 7ನೆಯ ಅಧ್ಯಾಯದಲ್ಲಿ ನಾರದರು ಸನತ್ಕುಮಾರರ ಬಳಿಗೆ ಬಂದು, ತಾವು ಕಲಿತ ವೇದಗಳನ್ನೂ ಗಣಿತ ಮೊದಲಾದ ವಿದ್ಯೆಗಳನ್ನೂ ಒಂದೊಂದಾಗಿ ಹೇಳಿ, ಇಷ್ಟಾದರೂ ತಾವು ಶೋಕದಲ್ಲಿರುವುದಾಗಿ ಅರಿಕೆಮಾಡಿಕೊಳ್ಳುತ್ತಾರೆ. ನಾರದರಂಥವರ ಪಟ್ಟಿಯಲ್ಲಿಯೂ ಒಂದು ಕಡಮೆಯೇ ಆಗಿತ್ತು.

ಇನ್ನು ಮನೆಯ ಮಾತಿಗೆ ಬರೋಣ. ಒಂದು ಸಂಸಾರದಲ್ಲಿ ಜಗಳವಾದಾಗ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕರೆದು ಕೇಳಿ ನೋಡಿ. ಅತ್ತೆಯವರು ಸೊಸೆಯ ಕುಂದುಗಳನ್ನೂ, ಸೊಸೆಯು ಅತ್ತೆಯವರ ಕುಂದುಗಳನ್ನೂ, ಅಣ್ಣನು ತಮ್ಮನವನ್ನೂ, ತಮ್ಮನು ಅಣ್ಣನವನ್ನೂ ಲೋಪವಿಲ್ಲದೆ ಎಣಿಸುತ್ತಾರೆ. ಪ್ರತಿಯೊಬ್ಬರ ಲೆಕ್ಕವೂ ಬಹುಮಟ್ಟಿಗೆ ನಿಜವೇ. ಆದರೆ ಪ್ರತಿಯೊಂದು ಲೆಕ್ಕದಲ್ಲಿಯೂ ಒಬ್ಬರು ಬಿಟ್ಟುಹೋಗಿರುತ್ತಾರೆ. ಎಣಿಸುವ ಬೆರಳನ್ನು ಒಂದೇ ಒಂದು ಸಲ ತನ್ನ ಕಡೆಗೆ ತಿರುಗಿಸಿಕೊಳ್ಳಬಲ್ಲವರು ಮನೆಗೊಬ್ಬರಿದ್ದರೂ ಸಾಕು, ಅನೇಕ ವ್ಯಾಜ್ಯಗಳು ಪಡಸಾಲೆಯನ್ನು ದಾಟಿ ಬೀದಿಗೆ ಬರಲಾರವು. ವೇದಾಂತಿಗಳು ಹೇಳುವ ಆತ್ಮವು ಗುಣದೋಷಗಳಿಗೆ ಅತೀತವಾದುದು ನಿಜ. ಆದರೆ ತನ್ನ ಗುಣದೋಷಗಳನ್ನೇ ನೋಡಲು ಒಲ್ಲದವನು ಅದರಾಚೆಯದನ್ನು ನೋಡುವುದೆಂತು? ಮೊದಲ ಮೆಟ್ಟಿಲು ಮನೆಯೊಳಗೇ ಇದೆ.

ಈಗ ಒಂದು ದೊಡ್ಡ ಆಕ್ಷೇಪವನ್ನು ಎದುರಿಸಬೇಕು. ಆ ಕಥೆಯಲ್ಲಿ ಯಾರೂ ಸತ್ತಿರಲಿಲ್ಲ. ಆದಕಾರಣ ಅಳು ನಿಂತಿತು. ನಿಜವಾಗಿಯೇ ಒಬ್ಬರು ಹೋಗಿಬಿಟ್ಟ ಮನೆಯಲ್ಲಿ ಈ ಕಥೆಯಿಂದ ಏನು ಪ್ರಯೋಜನ? ಈ ಪ್ರಶ್ನೆಯನ್ನು ನಾವು ವಿನೋದಕ್ಕಾಗಿ ಎತ್ತಿಲ್ಲ. ನಮ್ಮ ಸಹಧರ್ಮಿಣಿಯು ಸ್ವರ್ಗಸ್ಥಳಾಗಿ ಎರಡು ವರ್ಷಗಳಾದುವು. ಹಬ್ಬದ ದಿನಗಳಲ್ಲಿ ಎಷ್ಟು ಎಲೆ ಹಾಕಬೇಕೆಂದು ಎಣಿಸುತ್ತಿದ್ದವಳು ಆಕೆಯೇ. ತನ್ನ ಎಲೆಯನ್ನು ಆಕೆ ಎಂದೂ ಎಣಿಸಿದವಳಲ್ಲ. ಅದು ಅಜ್ಞಾನವಲ್ಲ, ವಾತ್ಸಲ್ಯ. ಈಗ ನಾವು ಎಷ್ಟು ಸಲ ಎಣಿಸಿದರೂ ಒಂದು ಎಲೆ ಕಡಮೆಯೇ. ಇದು ಎಣಿಕೆಯ ತಪ್ಪೆಂದು ಯಾವ ದಾರಿಹೋಕನೂ ಬಂದು ಹೇಳಲಾರನು.

ಹೀಗಿದ್ದರೂ ತೃಪ್ತಿದೀಪವನ್ನು ಮತ್ತೆ ತೆರೆದಾಗ, ವಿದ್ಯಾರ್ಥಿದೆಸೆಯಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದ್ದ ಒಂದು ಅಂಶವು ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿತು. ಹತ್ತನೆಯವನು ತಾನೆಂದು ಅರಿತವನ ರೋದನವು ಆ ಕ್ಷಣವೇ ನಿಂತುಹೋಗುತ್ತದೆ. ಆದರೆ ಅಳುವಾಗ ಚಚ್ಚಿಕೊಂಡ ತಲೆಯ ಗಾಯವು ಆಗಲೇ ಮಾಯುವುದಿಲ್ಲ, ಮೆಲ್ಲಮೆಲ್ಲನೆ ತಿಂಗಳೊಂದು ಹಿಡಿಯುತ್ತದೆಂದು ಗ್ರಂಥಕಾರರು ಹೇಳುತ್ತಾರೆ. ಜ್ಞಾನಿಗೂ ಪ್ರಾರಬ್ಧವು ತಪ್ಪದೆಂಬುದಕ್ಕೆ ಅವರು ಕೊಟ್ಟ ದೃಷ್ಟಾಂತವಿದು. ಎಷ್ಟು ಕರುಣೆಯ ಮಾತು! ಅರಿವು ಬಂದೊಡನೆ ನೋವಿಲ್ಲವೆಂದು ಅವರು ಸುಳ್ಳಾಡಲಿಲ್ಲ. ನೋವಿರುವುದರಿಂದ ಅರಿವೇ ಬಂದಿಲ್ಲವೆಂದೂ ನಿಂದಿಸಲಿಲ್ಲ.

ನಮ್ಮ ಅಲ್ಪಾನುಭವಕ್ಕೆ ಎಟುಕಿದಷ್ಟನ್ನು ಹೇಳುವುದಾದರೆ, ಇಂಥ ದುಃಖದಲ್ಲಿ ಎರಡು ಎಳೆಗಳು ಹೆಣೆದುಕೊಂಡಿರುತ್ತವೆ. ಹೋದವರಿಗಾಗಿ ಪಡುವ ದುಃಖ ಒಂದು. ಅವರೊಡನೆ ನಾವೂ ಹೋದೆವು, ಇನ್ನು ನಾವೆಂಬುದು ಉಳಿದಿಲ್ಲ ಎಂಬ ದುಃಖ ಇನ್ನೊಂದು. ಉದ್ಯೋಗದಿಂದ ನಿವೃತ್ತರಾದವರಿಗೂ, ಮಕ್ಕಳೆಲ್ಲ ದೂರದೇಶಗಳಲ್ಲಿ ನೆಲಸಿದ ತಾಯಿಯರಿಗೂ ಈ ಎರಡನೆಯ ದುಃಖವು ಪರಿಚಿತವಾದುದೇ. ಗಂಡ, ತಾಯಿ, ಉಪಾಧ್ಯಾಯ, ಅಧಿಕಾರಿ ಎಂಬವು ನಾವು ತೊಟ್ಟ ಹೆಸರುಗಳು. ಒಂದು ಹೆಸರು ಕಳಚಿ ಬಿದ್ದಾಗ, ತೊಟ್ಟಿದ್ದವನೇ ನೀರುಪಾಲಾದನೆಂದು ಎದೆಗುಂದುತ್ತೇವೆ. ಈ ಎರಡನೆಯ ಅಳು ಹತ್ತನೆಯವನಿಗಾಗಿ ಅತ್ತ ಅಳುವೇ ಸರಿ; ಅದನ್ನು ಆತ್ಮವಿಚಾರವು ನಿಲ್ಲಿಸಬಲ್ಲುದು. ಮೊದಲನೆಯದು ಗಾಯ; ಅದು ತನ್ನ ತಿಂಗಳನ್ನು ತೆಗೆದುಕೊಳ್ಳಲಿ. ಕೆಲವು ಗಾಯಗಳ ತಿಂಗಳು ಪಂಚಾಂಗದ ತಿಂಗಳಿಗಿಂತ ದೀರ್ಘವಾಗಿರುತ್ತದೆ. ಆದರೆ ತಲೆಯನ್ನು ಮತ್ತೆ ಮತ್ತೆ ಚಚ್ಚಿಕೊಳ್ಳುವವರೆಗೆ ಅದು ಮಾಯಲಾರದೆಂಬುದನ್ನು ಮಾತ್ರ ಮರೆಯಬಾರದು.

ಆದಕಾರಣ ಆತ್ಮಜ್ಞಾನವನ್ನು ಸಂನ್ಯಾಸಿಗಳ ಪಾಲಿಗೆ ಬಿಟ್ಟುಕೊಟ್ಟು ನಿಶ್ಚಿಂತರಾಗಿರುವ ಅನುಕೂಲವು ಗೃಹಸ್ಥರಿಗಿಲ್ಲ. ಕಳೆದುಕೊಳ್ಳತಕ್ಕ ಬಂಧುಬಾಂಧವರು ಹೆಚ್ಚಾಗಿರುವುದು ಗೃಹಸ್ಥರಿಗೇ ಅಲ್ಲವೆ? ದಿನಕ್ಕೊಂದು ಸಲ, ದೇವರ ಮುಂದೆ ದೀಪ ಹಚ್ಚಿದ ಮೇಲಾದರೂ ಆಗಲಿ, ಮಲಗುವ ಮುನ್ನವಾದರೂ ಆಗಲಿ, ಆ ದಿನದ ಎಣಿಕೆಯೆಲ್ಲ ಮುಗಿದ ಬಳಿಕ ಬೆರಳನ್ನು ಒಳಗೆ ತಿರುಗಿಸಿ, ಎಣಿಸಿದವನಾರು ಎಂದು ಕೇಳಿಕೊಳ್ಳುವ ಅಭ್ಯಾಸವನ್ನು ವಾಚಕರು ಮಾಡಿಕೊಳ್ಳಲೆಂದು ಹಾರೈಸುತ್ತೇವೆ. ಉತ್ತರವು ಒಂದೇ ದಿನದಲ್ಲಿ ದೊರೆಯದಿರಬಹುದು. ಕೇಳುತ್ತಿರುವವನೊಬ್ಬನು ಇದ್ದಾನೆ, ನೀರುಪಾಲಾಗಿಲ್ಲ ಎಂಬಷ್ಟಾದರೂ ಅಂದೇ ತಿಳಿಯುತ್ತದೆ.